ಅಪ್ಪ ಕಂಬಳಿ ಹೊತ್ತು ಆಟಕ್ಕೆ ಬಂದದ್ದು

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನ ಹೆಗಲ ಮೇಲಿದ್ದ ಕಂಬಳಿ ನೋಡಿ ನನಗೆ ನಗು ಬಂತು. ಮೇ ತಿಂಗಳು, ಹೋಗುತ್ತಿರುವುದು ಮಂಗಳೂರು ಕಡೆ. ಅಲ್ಲಿ ರಾತ್ರಿಯೂ ಅಂಗಿ ಒಣಗುವುದಿಲ್ಲ. "ಆಟ ಅಂದ್ಮ್ಯಾಲೆ ಬೆಳಗಾಗೋತನ ಕುಂದರಬೇಕಲ್ಲೋ. ಹಾಸಾಕ ಬ್ಯಾಡೇನು?" ಅಂದ.

ನಮ್ಮದು ರೋಣದ ಕಡೆಯ ಹಳ್ಳಿ. ಅಪ್ಪ ದೊಡ್ಡಾಟದಲ್ಲಿ ದುಶ್ಶಾಸನನ ಪಾತ್ರ ಮಾಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಮಾಸ್ತರರು ಬಂದು ಗುಡಿಯ ಮುಂದೆ ತಾಲೀಮು ಶುರು ಮಾಡುತ್ತಿದ್ದರು, ಬೇಸಿಗೆಯಲ್ಲಿ ಆಟ. ನಾನು ಆರನೇ ಇಯತ್ತೆಯಲ್ಲಿದ್ದಾಗ ಕೊನೆಯ ಆಟ ಆಯಿತು. ಮಾಸ್ತರರು ತೀರಿಕೊಂಡರು, ಹುಡುಗರು ಬೆಂಗಳೂರಿಗೆ ಹೋದರು, ವೇಷದ ಪೆಟ್ಟಿಗೆ ಗುಡಿಯ ಅಟ್ಟ ಸೇರಿತು. ಆಮೇಲೆ ಅಪ್ಪ ಯಾವ ಆಟಕ್ಕೂ ಹೋಗಿರಲಿಲ್ಲ. ಪಕ್ಕದೂರಿನವರು ಕರೆದರೂ ಹೊಲದ ಕೆಲಸದ ನೆಪ ಹೇಳುತ್ತಿದ್ದ.

ಈ ಸಲ ಬಂದದ್ದಕ್ಕೆ ಕಾರಣ ನನ್ನ ಹಾಸ್ಟೆಲ್ ಗೆಳೆಯನ ಅಜ್ಜ. ಮೂಡಬಿದ್ರೆ ಹತ್ತಿರದ ಅವರ ಮನೆಯವರು ಹರಕೆ ಆಟ ಬರೆಸಿ ಹನ್ನೆರಡು ವರ್ಷವಾಗಿತ್ತು, ಪಾಳಿ ಈಗ ಬಂದಿತ್ತು. ಕರಾವಳಿಯಲ್ಲಿ ಯಕ್ಷಗಾನ ನೋಡಲು ಟಿಕೆಟ್ ಬೇಕೆಂದೇ ಇಲ್ಲ. ಮಕ್ಕಳಾಗಲಿ, ಮನೆ ಕಟ್ಟಲಿ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊತ್ತವರು ಮೇಳವನ್ನು ಕರೆಸಿ ಆಡಿಸುತ್ತಾರೆ. ನೋಡುವುದಕ್ಕೆ ಯಾರು ಬೇಕಾದರೂ ಬರಬಹುದು, ಬಂದವರಿಗೆಲ್ಲ ಊಟ. ಕಟೀಲು ದುರ್ಗಾಪರಮೇಶ್ವರಿ ದೇವಸ್ಥಾನದ ಹೆಸರಲ್ಲೇ ಹಲವು ಮೇಳಗಳಿವೆ, ಒಂದೇ ರಾತ್ರಿ ಬೇರೆ ಬೇರೆ ಊರಲ್ಲಿ ಆಡುತ್ತವೆ. ಆದರೂ ಹರಕೆಯವರ ಪಟ್ಟಿ ಮುಗಿಯುವುದಿಲ್ಲ.

ಗೆಳೆಯನ ಅಜ್ಜ ಫೋನಿನಲ್ಲಿ ಅಪ್ಪನಿಗೇ ಹೇಳಿದ್ದರಂತೆ: "ನೀವೂ ವೇಷ ಕಟ್ಟಿದವರಂತೆ, ನೀವು ಬರಲೇಬೇಕು ಮಾರಾಯ್ರೆ." ಅದಕ್ಕೆ ಇಲ್ಲ ಅನ್ನಲು ಅಪ್ಪನಿಗೆ ಆಗಲಿಲ್ಲ.

ಸಂಜೆ ಹೊತ್ತಿಗೆ ಗದ್ದೆಯಲ್ಲಿ ರಂಗಸ್ಥಳ ಎದ್ದಿತ್ತು. ಅಪ್ಪ ಅದನ್ನು ಬಿಟ್ಟು ನೇರ ಚೌಕಿಗೆ ಹೋದ. ಚೌಕಿ ಅಂದರೆ ಬಣ್ಣ ಹಚ್ಚುವ ಜಾಗ, ಚಪ್ಪಲಿ ಹೊರಗೆ ಬಿಡಬೇಕು. ಕಲಾವಿದರು ಸಾಲಾಗಿ ಕುಳಿತು, ಪುಟ್ಟ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚುತ್ತಿದ್ದರು. ಬಣ್ಣದ ವೇಷದವರೊಬ್ಬರು ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಿದ್ದರು. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆಯ ಕೆಲಸ. ಅಪ್ಪ ಅಲ್ಲಾಡದೆ ನಿಂತು ನೋಡಿದ. ಪ್ರವಾಸಕ್ಕೆ ಹೋಗುವವರು ಆಟ ಶುರುವಾದ ಮೇಲೆ ಹೋಗಿ ಮುಂದಿನ ಕುರ್ಚಿ ಹಿಡಿಯುತ್ತಾರೆ. ನನ್ನ ಕೇಳಿದರೆ, ಎರಡು ತಾಸು ಮೊದಲೇ ಹೋಗಿ ಚೌಕಿ ನೋಡಿ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ, ಪಾಯಸ. ಜೋಳದ ರೊಟ್ಟಿಯ ಮನುಷ್ಯ ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿ, "ಇದು ಬೆಂದಿಲ್ಲೇನೋ?" ಎಂದು ನನ್ನ ಕಿವಿಯಲ್ಲಿ ಕೇಳಿದ. ಬಡಿಸುತ್ತಿದ್ದ ಗೆಳೆಯನ ಅಮ್ಮನಿಗೆ ಕೇಳಿಸಿತು. "ಬೆಂದಿದೆ, ನಮ್ಮ ಅಕ್ಕಿಯೇ ಹಾಗೆ. ನಿಧಾನ ಊಟ ಮಾಡಿ ಆಯ್ತಾ" ಅಂದರು. ಪಾಯಸ ಮಾತ್ರ ಎರಡು ಸಲ ಹಾಕಿಸಿಕೊಂಡ.

ಗದ್ದೆಯ ಬದಿಯಲ್ಲಿ ಗೋಳಿಬಜೆ, ಐಸ್‌ಕ್ಯಾಂಡಿ, ಚರುಮುರಿಯ ಗಾಡಿಗಳು. ಚರುಮುರಿಯ ಬಗ್ಗೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಮಾವಿನಕಾಯಿ ಹೆಚ್ಚಿ ಹಾಕಿ, ಖಾರದ ಪುಡಿ, ಹಸಿ ತೆಂಗಿನೆಣ್ಣೆ ಹಾಕಿ ಗರಗರ ಕಲಸಿ ಕೊಡುತ್ತಾರೆ. ಅಪ್ಪನ ಪ್ರಕಾರ ಅದು ತಲೆಗೆ ಹಚ್ಚುವ ಎಣ್ಣೆ. ಹುಣಸೆಹುಳಿ, ಪುಟಾಣಿ ಹಿಟ್ಟು ಬೀಳದ ಚುರುಮುರಿ ಚುರುಮುರಿಯೇ ಅಲ್ಲ, ನಮ್ಮ ಗಿರ್ಮಿಟ್ ಮುಂದೆ ಇದೇನು ಅಂದ. ಆ ಸೆಕೆಯಲ್ಲಿ ಹುಳಿ ಮಾವಿನಕಾಯಿಯ ಚರುಮುರಿಗೆ ಸಮ ಯಾವುದೂ ಇಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಪ್ರಸಂಗ ದೇವಿಮಹಾತ್ಮೆ. ಚೆಂಡೆ ಎದ್ದ ಕೂಡಲೇ ಅಪ್ಪ ನೆಟ್ಟಗೆ ಕುಳಿತ. ಮೊದಲರ್ಧ ತಾಸು ಬರೀ ಲೆಕ್ಕ ಹಾಕಿದ. ಇಲ್ಲಿ ಪಾತ್ರಧಾರಿ ಹಾಡುವುದಿಲ್ಲ, ಹಾಡೆಲ್ಲ ಭಾಗವತರದ್ದು. ನಮ್ಮಲ್ಲಿ ಪಾತ್ರ ಮಾಡುವವನೂ ಹಾಡಬೇಕು, ಹಿಮ್ಮೇಳ ಎತ್ತಿಕೊಳ್ಳುತ್ತದೆ. ಆಮೇಲೆ ಪಾತ್ರಧಾರಿಗಳ ಮಾತು ಕೇಳುತ್ತಾ ನನ್ನ ತೊಡೆ ತಟ್ಟಿದ. "ಇವರಿಗೆ ಮಾತು ಬರದು ಕೊಟ್ಟಿರ್ತಾರೇನು?" ಇಲ್ಲ, ಪದ್ಯದ ಅರ್ಥ ಹಿಡಿದು ಅಲ್ಲೇ ಕಟ್ಟಿ ಆಡುತ್ತಾರೆ ಅಂದೆ. ಅಪ್ಪ ಬಾಯಿ ತೆರೆದು ನನ್ನ ನೋಡಿದ. ದೊಡ್ಡಾಟದಲ್ಲಿ ಒಂದೊಂದು ಮಾತನ್ನೂ ಬಾಯಿಪಾಠ ಮಾಡಬೇಕು, ಒಂದು ಶಬ್ದ ತಪ್ಪಿದರೆ ಮಾಸ್ತರರ ಕೋಲು.

ಮಹಿಷಾಸುರ ಬಂದದ್ದು ರಂಗಸ್ಥಳದ ಹಿಂದಿನಿಂದಲ್ಲ, ನಮ್ಮ ಬೆನ್ನ ಹಿಂದಿನ ಕತ್ತಲಿನಿಂದ. ದೊಂದಿ ಹಿಡಿದವರು, ರಾಳದ ಪುಡಿ ಎರಚಿದಾಗ ಆಳೆತ್ತರ ಏಳುವ ಬೆಂಕಿ, ನಡುವೆ ಕೋಡು ಹೊತ್ತ ಮುಖ. ಸಂಜೆ ಚೌಕಿಯಲ್ಲಿ ನೋಡಿದ್ದ ಮುಖವೇ ಅದು, ಆದರೂ ನನಗೆ ಎದೆ ಧಸಕ್ಕೆಂದಿತು. ಮಕ್ಕಳು ಕಿರುಚಿ ತಾಯಂದಿರ ಸೆರಗು ಹಿಡಿದರು. ಅಪ್ಪ ಎದ್ದು ನಿಂತಿದ್ದ. ಹಿಂದಿನವರು ಕೂರಿ ಕೂರಿ ಎಂದರೂ ಕೂರಲಿಲ್ಲ.

ಹನ್ನೆರಡೂವರೆಗೆ ಮಂಗಳ ಹಾಡಿದರು. ಅಪ್ಪನಿಗೆ ನಂಬಿಕೆಯಾಗಲಿಲ್ಲ. ಈಗ ಹಲವು ಮೇಳಗಳು ಕಾಲಮಿತಿಯವು, ಸಂಜೆ ಶುರುವಾಗಿ ನಡುರಾತ್ರಿಗೆ ಮುಗಿಯುತ್ತವೆ. ಮೈಕಿನ ಕಾನೂನು, ಬೆಳಿಗ್ಗೆ ಕೆಲಸಕ್ಕೆ ಹೋಗುವವರ ನಿದ್ದೆ, ಕಾರಣಗಳು ಸುಳ್ಳಲ್ಲ. ಆದರೆ ಬೆಳಕು ಹರಿಯುವಾಗ ಆಟ ಮುಗಿಯುವ ಆ ಹೊತ್ತು ಹೋಯಿತು ಎಂದು ಗೆಳೆಯನ ಅಜ್ಜನೂ ಗೊಣಗಿದರು. ಮಡಿಕೆ ಬಿಚ್ಚದ ಕಂಬಳಿಯನ್ನು ಅಪ್ಪ ಮತ್ತೆ ಹೆಗಲಿಗೇರಿಸಿದ.

ಹೋಗುವ ಮನಸ್ಸಿರುವವರಿಗೆ ಒಂದು ಮಾತು. ತೆಂಕು ಕಡೆಯ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಅದು ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24 ಅಥವಾ 25ರ ಸುಮಾರಿಗೆ ಬರುತ್ತದೆ. ಆಮೇಲೆ ಮಳೆ, ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಯಾವ ಊರಲ್ಲಿ ಯಾವ ಮೇಳದ ಆಟ ಎಂದು ಕರಾವಳಿಯ ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ರಾತ್ರಿಯಿಡೀ ಆಡುವ ಮೇಳ ಬೇಕಿದ್ದರೆ ಮೊದಲೇ ವಿಚಾರಿಸಿ. ಕಂಬಳಿ ಬೇಡ, ಒಂದು ಟವೆಲ್ ಸಾಕು.

ಮನೆಗೆ ಬಂದು ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದಾಗ ಅಜ್ಜ ಕೇಳಿದರು, "ನಿಮ್ಮ ದುಶ್ಶಾಸನ ಹೇಗೆ ಬರುತ್ತಾನೆ?" ಅಪ್ಪ ಬೇಡ ಬೇಡ ಎಂದ. ಆಮೇಲೆ ಟವೆಲ್ ಸೊಂಟಕ್ಕೆ ಬಿಗಿದು ಅಂಗಳಕ್ಕಿಳಿದ. ಇಷ್ಟು ವರ್ಷ ಆದ ಮೇಲೂ ಒಂದು ಶಬ್ದ ತಪ್ಪಲಿಲ್ಲ. ಅಜ್ಜನಿಗೆ ನಮ್ಮ ಭಾಷೆ ಅರ್ಧ ತಿಳಿಯಿತೋ ಏನೋ, ನಡುನಡುವೆ "ಭಳಿರೆ" ಅನ್ನುತ್ತಿದ್ದರು. ಗೆಳೆಯನ ತಮ್ಮ ಮೊಬೈಲಿನಲ್ಲಿ ಹಿಡಿದ. ಕೋಳಿ ಕೂಗುವವರೆಗೂ ನಡೆಯಿತು.

ಊರಿಗೆ ಬಂದ ವಾರಕ್ಕೆ ಅಪ್ಪ ಗುಡಿಯ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದ. ಕಿರೀಟಕ್ಕೆ ಗೆದ್ದಲು ಹಿಡಿದಿತ್ತು, ಭುಜಕೀರ್ತಿ ಒಂದು ಇತ್ತು, ಇನ್ನೊಂದು ಇರಲಿಲ್ಲ. ಬೇಗಡೆ ಎಲ್ಲ ಕಿತ್ತುಹೋಗಿತ್ತು. ಹುಬ್ಬಳ್ಳಿಯಲ್ಲಿ ಬೇಗಡೆ ಎಲ್ಲಿ ಸಿಗುತ್ತದೆ ವಿಚಾರಿಸು ಎಂದು ಫೋನ್ ಮಾಡಿ ಹೇಳಿದ್ದಾನೆ. ಎರಡು ಅಂಗಡಿ ಕೇಳಿದೆ, ಇಲ್ಲ ಅಂದರು. ನಿಮಗೆ ಗೊತ್ತಿದ್ದರೆ ತಿಳಿಸಿ.