ಅರಮನೆ ಮೈದಾನದ ಆ ಇನ್ನೊಂದು ಟಿಕೆಟ್

ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರದ ಅರಮನೆ ಮೈದಾನ ಅಂದ್ರೆ ನನಗೆ ಬರೀ ಮದುವೆ ಊಟ, ವಸ್ತುಪ್ರದರ್ಶನ. ಈಚೆಗೆ ಮಗಳ ಹಟಕ್ಕೆ ಅಲ್ಲಿನ ಸಂಗೀತೋತ್ಸವಕ್ಕೆ ಹೋದೆ. ಕಾರ್ಯಕ್ರಮ ಶುರುವಾಗೋದು ತಡವಾಯ್ತು. ನೆಲದ ಮೇಲೆ ಕೂತವರೆಲ್ಲ ಮೆಚ್ಚಿನ ಗಿಟಾರ್ ವಾದಕರ ಮಾತಿಗಿಳಿದರು.

"2011ರ ಅಕ್ಟೋಬರ್ 30, ಇಲ್ಲೇ ಮೆಟಾಲಿಕಾ! ಗುರುಗ್ರಾಮದ ಕಾರ್ಯಕ್ರಮ ರದ್ದಾಗಿ ಆ ಕಡೆಯವರೂ ಬಂದಿದ್ರು. ಕೆಸರಲ್ಲಿ ನನ್ನ ಚಪ್ಪಲಿ ಹೋಯ್ತು. ಕರ್ಕ್ ಹ್ಯಾಮೆಟ್ ನುಡಿಸಿದ್ದು ಮಾತ್ರ ಇನ್ನೂ ಕಿವೀಲಿದೆ" ಅಂದ ಒಬ್ಬ.

"ನಿಮಗ್ಯಾರು ಇಷ್ಟ ಆಂಟಿ?"

ನಮ್ಮೆಜಮಾನ್ರಿಗೆ ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್ ಅಂದ್ರೆ ಪ್ರಾಣ. 2005ರಲ್ಲಿ ಅವರು ಇಲ್ಲಿಗೆ ಬಂದಾಗ ಎರಡು ಟಿಕೆಟ್ ತಂದಿದ್ರು. "ಆ ಗದ್ದಲಕ್ಕೆ ನಾನ್ ಬರಲ್ಲ" ಅಂದುಬಿಟ್ಟೆ. ರಾತ್ರಿ ಬಂದವರು ಸೌಟು ಹಿಡಿದು, "ಎಡಚ ಕಣೇ, ಆದ್ರೂ ಬಲಗೈಯವರ ಥರಾನೇ ಹಿಡೀತಾನೆ. ತಂತಿ ಮೀಟೋದು ಬರೀ ಬೆರಳಲ್ಲೇ!" ಅಂತ ತೋರಿಸೋಕೆ ಶುರು ಮಾಡಿದ್ರು. "ನಾಳೆ ಹೇಳಿ" ಅಂತ ಮಲಗಿದೆ. ಆಮೇಲೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋಗಿ ನಾಲ್ಕು ವರ್ಷವಾಯ್ತು.

ಪಕ್ಕದಲ್ಲಿದ್ದ ನರೆಗೂದಲಿನವರೊಬ್ಬರು ಮೆಲ್ಲಗೆ, "ಅವತ್ತು ನಾನೂ ಇದ್ದೆ ಅಮ್ಮಾ" ಅಂದರು. ಒಂದೊಂದೇ ಹಾಡು ನೆನೆದು, ಗಾಳಿಯಲ್ಲೇ ಬೆರಳಾಡಿಸುತ್ತ ಹೇಳಿದರು.

ಈ ಸಲ ಕೊನೇವರೆಗೂ ಕೇಳಿದೆ.