ಕಡಲನ್ನು ತೂಗೋದು ಹೇಗೆ?

ಬೂತಾಯಿ ಸಾರಿನ ರುಚಿ ಹತ್ತಿದವರಿಗೆಲ್ಲ ಇದು ಗೊತ್ತು: ಈ ಮೀನು ಒಂದು ವರ್ಷ ಬುಟ್ಟಿಗಟ್ಟಲೆ ಬರುತ್ತೆ, ಇನ್ನೊಂದು ವರ್ಷ ಕಣ್ಣಿಗೇ ಬೀಳಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ ಆಸುಪಾಸು. ನೂರಕ್ಕೆ ಒಂದು ಪಾಲೂ ಇಲ್ಲ!

ತಪ್ಪು ಯಾರದ್ದು? ನಮ್ಮದಾ, ಸಮುದ್ರದ್ದಾ?

ನಮ್ಮ ಮನೇಲಿ ಇದು ಬರೀ ಹರಟೆಯ ವಿಷಯ ಅಲ್ಲ. ಗಂಗೊಳ್ಳಿಯ ನನ್ನ ಸೋದರಮಾವನಿಗೆ ಒಂದು ಟ್ರಾಲ್ ಬೋಟಿನಲ್ಲಿ ಪಾಲಿದೆ. ಸಾಲ ಮಾಡಿ ಇನ್ನೊಂದು ಬೋಟಿನಲ್ಲೂ ಪಾಲು ತಗೊಂಡು ಮಗನಿಗೆ ವಹಿಸಬೇಕಾ, ಇಲ್ಲ ಅವನನ್ನ ಗಲ್ಫಿಗೆ ಕಳಿಸಬೇಕಾ ಅನ್ನೋದು ಅವರ ಚಿಂತೆ. ಬೆಂಗಳೂರಲ್ಲಿ ನನ್ನದು ಡೇಟಾ ಕೆಲಸ. ಹಾಗಾಗಿ ಪ್ರಶ್ನೆ ನನ್ನ ಕಡೆ ಬಂತು.

ಓದುತ್ತಾ ಹೋದೆ. ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ದಶಕಗಳಿಂದ ಬಂದರುಗಳಲ್ಲಿ ನಿಂತು ಲೆಕ್ಕ ಬರೀತಿದ್ದಾರೆ. ಎಲ್ಲ ಬೋಟುಗಳನ್ನೂ ಎಣಿಸೋಕೆ ಆಗಲ್ಲ. ಆಯ್ದ ದಿನ, ಆಯ್ದ ಬೋಟು. ಯಾವ ಜಾತಿ, ಎಷ್ಟು ಕೆ.ಜಿ., ಎಷ್ಟು ಗಂಟೆ ಬಲೆ ಎಳೆದರು? ಒಂದಿಷ್ಟು ಮೀನುಗಳ ಉದ್ದ ಅಳೆದು, ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯಾ ಅಂತಲೂ ನೋಡ್ತಾರೆ.

ಇದನ್ನ ಫೋನಲ್ಲಿ ಹೇಳಿದ್ರೆ ಮಾವ ನಕ್ಕರು. "ಎಂತ ಮಗಾ, ಕಡಲನ್ನ ತಕ್ಕಡೀಲಿ ತೂಗೂಕ್ ಆತ್ತಾ?"

ಆದರೆ ಮುಖ್ಯವಾದ ಮಾತು ಬಂದದ್ದು ಅವರ ಬಾಯಿಂದಲೇ. ಮೊದಲು ಬೆಳಿಗ್ಗೆ ಹೋದ ಬೋಟು ಸಂಜೆಗೆ ವಾಪಸ್. ಈಗ ಎಂಟು ಹತ್ತು ದಿನ ಕಡಲಲ್ಲೇ ಇರಬೇಕು. ದಡಕ್ಕೆ ಬಂದ ಮೀನಿನ ತೂಕ ಅಷ್ಟೇ ಇರಬಹುದು, ಆದರೆ ಸುಟ್ಟ ಡೀಸೆಲ್, ಎಳೆದ ಗಂಟೆ ಎಷ್ಟೋ ಪಟ್ಟು. ಅದಕ್ಕೇ ವಿಜ್ಞಾನಿಗಳು ಒಟ್ಟು ತೂಕದ ಜೊತೆಗೆ ಗಂಟೆಗೆ ಎಷ್ಟು ಸಿಕ್ತು ಅಂತಲೂ ಲೆಕ್ಕ ಹಾಕೋದು.

ಹಾಗಂತ ಎಲ್ಲವನ್ನೂ ಮನುಷ್ಯನ ತಲೆಗೆ ಕಟ್ಟೋಕೂ ಆಗಲ್ಲ. ನಮ್ಮ ಕರಾವಳಿಗೆ ಯಂತ್ರದ ದೋಣಿ ಬರೋಕೆ ಮುಂಚೆ, 1940ರ ದಶಕದಲ್ಲೂ ಬೂತಾಯಿ ಹೀಗೇ ಕೈಕೊಟ್ಟಿತ್ತು. ಎಲ್ ನಿನೋ ಬಂದಾಗ ನೀರಿನ ಬಿಸಿ ಬದಲಾಗುತ್ತೆ, ಅದು ತಿನ್ನೋ ಪ್ಲ್ಯಾಂಕ್ಟನ್ ಏರುಪೇರಾಗುತ್ತೆ. ಬೂತಾಯಿಯ ಆಯಸ್ಸೇ ಎರಡು ಮೂರು ವರ್ಷ. ಬೇಗ ಬೀಳುತ್ತೆ, ಬೇಗ ಏಳುತ್ತೆ. ಆದರೆ ಸೋತು ಬಿದ್ದಾಗಲೇ ಮರಿಗಳನ್ನೂ ಬಾಚಿದರೆ ಏಳೋದು ತಡ.

ಹಾಗಾಗಿ ನಮ್ಮ ಕೈವಾಡಕ್ಕೆ ಸಾಕ್ಷಿ ಬೇಕಂದ್ರೆ ಬೂತಾಯಿಗಿಂತ ಶಾರ್ಕ್, ತೊರಕೆಯಂಥವನ್ನ ನೋಡಬೇಕು. ಅವು ಬೆಳೆಯೋದು ನಿಧಾನ, ಹಾಕೋ ಮರಿಗಳೂ ಕಡಿಮೆ. ಒಮ್ಮೆ ಕರಗಿದರೆ ಒಂದು ಒಳ್ಳೆ ಮಳೆಗಾಲಕ್ಕೆ ವಾಪಸ್ ಬರೋವಲ್ಲ. ಶಾರ್ಕ್ ಈಗ ಮೊದಲಿನಷ್ಟು ಬರ್ತಿಲ್ಲ ಅನ್ನೋದನ್ನ ಮಾವನೂ ಒಪ್ಪಿದರು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ ಕೊಡೋದು, ಮೀನಿಗೆ ಕನಿಷ್ಠ ಉದ್ದ ಗೊತ್ತು ಮಾಡೋದು, ಎಲ್ಲದರ ಹಿಂದೆಯೂ ಇಂಥ ಅಳತೆಗಳಿವೆ. ಕೇರಳದಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಅದಕ್ಕಿಂತ ಚಿಕ್ಕದನ್ನ ಹಿಡಿಯೋ ಹಾಗಿಲ್ಲ. 14 ಸೆಂ.ಮೀ. ಅಂದ್ರೆ ಹೆಚ್ಚುಕಮ್ಮಿ ಒಂದು ಬಾಲ್ ಪೆನ್ನಿನ ಉದ್ದ. ಮಾರ್ಕೆಟ್ಟಲ್ಲಿ ನಾನೀಗ ಕಣ್ಣಲ್ಲೇ ಅಳೀತೀನಿ. ಚಿಕ್ಕದಿದ್ರೆ ಬೇರೆ ಮೀನು ಕೇಳ್ತೀನಿ.

ಮಾವ ಎರಡನೇ ಬೋಟಿನ ಯೋಚನೆ ಬಿಟ್ಟಿದ್ದಾರೆ. ಮಗ ಮಾತ್ರ ಗಲ್ಫಿಗೆ ಹೋಗಲ್ಲ ಅಂತಾನೆ. ಇರೋ ಬೋಟಲ್ಲೇ ದುಡಿತಾನಂತೆ. ಈಗ ಪ್ರತಿ ಟ್ರಿಪ್ಪಿಗೂ ಎಷ್ಟು ಗಂಟೆ ಎಳೆದ್ವಿ, ಎಷ್ಟು ಸಿಕ್ತು ಅಂತ ಫೋನಲ್ಲಿ ಬರೆದಿಡ್ತಿದ್ದಾನೆ. ಮೊದಲ ತಿಂಗಳ ಪಟ್ಟಿ ಕಳಿಸಿ, "ನೋಡಿ ಹೇಳು" ಅಂದಿದ್ದಾನೆ. ಒಂದು ತಿಂಗಳ ಲೆಕ್ಕದಿಂದ ಏನೂ ಹೇಳೋಕಾಗಲ್ಲ, ಬರೀತಾ ಇರು ಅಂದೆ.