ಸೂತ್ರ ಒಂದೇ, ಉದಾಹರಣೆ ಅವರವರದು

ಕೆಲಗೇರಿ ಕೆರೆಯ ದಂಡೆಯಲ್ಲಿ ಮುಂಜಾನೆ ಅಡ್ಡಾಡುವವರ ಮಾತಿಗೆ ಕಿವಿಗೊಟ್ಟರೆ ಧಾರವಾಡದ ಅರ್ಧ ಕಚೇರಿಗಳ ಕಥೆ ತಿಳಿಯುತ್ತದೆ. ನಿವೃತ್ತ ಪ್ರಾಧ್ಯಾಪಕರು, ಬ್ಯಾಂಕಿನವರು, ಸಾಲಿ ಮಾಸ್ತರರು, ಬೇಲೂರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು, ಎಲ್ಲರೂ ಇಲ್ಲಿ ಸಿಗುತ್ತಾರೆ. ಒಬ್ಬರ ಬಾಯಲ್ಲಿ ‘ಟಾರ್ಗೆಟ್’, ಇನ್ನೊಬ್ಬರ ಬಾಯಲ್ಲಿ ‘ಕಲಿಕಾ ಫಲ’, ಹುಡುಗರ ಬಾಯಲ್ಲಿ ‘ಫೈವ್ ಎಸ್’, ‘ಕೈಜೆನ್’. ಪ್ರತಿ ಸಂಸ್ಥೆಗೂ ತನ್ನದೇ ಆಡಳಿತದ ಮಾತು ಇರುತ್ತದೆ. ಆ ಮಾತು ಎಲ್ಲರಿಗೂ ಒಂದೇ ರೀತಿ ಅರ್ಥವಾದಲ್ಲಿ ಕೆಲಸ ಸರಾಗ ಸಾಗುತ್ತದೆ. ಸಾಹೇಬರಿಗೊಂದು, ಸಿಬ್ಬಂದಿಗೊಂದು ಅರ್ಥವಾದಲ್ಲಿ ಸಭೆಗಳು ಹೆಚ್ಚುತ್ತವೆ, ಕೆಲಸ ನಿಲ್ಲುತ್ತದೆ.

ಈ ಮಾತನ್ನು ಕಲಿಸುವವರು ಯಾರು, ಅವರನ್ನು ತಯಾರು ಮಾಡುವವರು ಯಾರು ಎಂಬ ವಿಚಾರ ನನ್ನನ್ನು ಬಹಳ ದಿನಗಳಿಂದ ಹಿಡಿದುಕೊಂಡಿದೆ. ಕೈಪಿಡಿ ಅಚ್ಚು ಹಾಕಿಸುವುದಕ್ಕೆ ನಮ್ಮಲ್ಲಿ ದುಡ್ಡು ಸಿಗುತ್ತದೆ, ಫಲಕ ಬರೆಸುವುದಕ್ಕೂ ಸಿಗುತ್ತದೆ. ಕಲಿಸುವವರಿಗೆ ಕಲಿಸುವ ಮಾತು ಬಂದಾಗ ಮಾತ್ರ ಒಂದು ದಿನ ಸಾಕು, ಅರ್ಧ ದಿನ ಸಾಕು ಎನ್ನುತ್ತೇವೆ.

ಈ ಕೆಲಸ ಚೆನ್ನಾಗಿ ನಡೆದದ್ದನ್ನು ನೋಡಬೇಕೆಂದರೆ ದೊಡ್ಡ ಕಂಪನಿಗಳ ಬಾಗಿಲಿಗೇ ಹೋಗಬೇಕಾಗಿಲ್ಲ.  ಕೆಲಗೇರಿಯಿಂದ ಗೋವಾ ರಸ್ತೆ ಹಿಡಿದು ಅಳ್ನಾವರದ ಕಡೆ ಹೊರಟರೆ ಹಳ್ಳಿಗಳು ಶುರುವಾಗುತ್ತವೆ. ಅಲ್ಲಿಯ ಯಾವುದೇ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ‘ಪಂಚಸೂತ್ರ ಅಂದ್ರೇನ್ರೀ ಅಕ್ಕಾರ?’ ಎಂದು ಕೇಳಿ. ಬೆರಳು ಮಡಚುತ್ತ ಹೇಳುತ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸದಸ್ಯರೊಳಗೇ ಸಾಲ ಕೊಡುವುದು, ವೇಳೆಗೆ ಸರಿಯಾಗಿ ಮರುಪಾವತಿ, ಅಂದಂದಿನ ಲೆಕ್ಕ ಅಂದೇ ಬರೆಯುವುದು. ಬೀದರಿನಲ್ಲಿ ಕೇಳಿದರೂ ಇದೇ, ಚಾಮರಾಜನಗರದಲ್ಲಿ ಕೇಳಿದರೂ ಇದೇ. ಬ್ಯಾಂಕಿನ ಮ್ಯಾನೇಜರು ಸಂಘಕ್ಕೆ ಸಾಲ ಕೊಡುವ ಮೊದಲು ನೋಡುವುದೂ ಈ ಐದನ್ನೇ. ಓದು ಬರಹ ಬಾರದ ಅಜ್ಜಿ, ಪದವಿ ಪಡೆದ ಸೊಸೆ, ತಾಲ್ಲೂಕಿನ ಅಧಿಕಾರಿ, ಬ್ಯಾಂಕಿನವರು, ಇಷ್ಟು ಜನ ಒಂದೇ ಅರ್ಥದಲ್ಲಿ ಬಳಸುವ ಆಡಳಿತದ ಮಾತು ನನಗೆ ಬೇರೆಲ್ಲೂ ಕಂಡಿಲ್ಲ.

ಇದು ಆಕಾಶದಿಂದ ಇಳಿದು ಬಂದದ್ದಲ್ಲ. 1980ರ ದಶಕದ ಮಧ್ಯದಲ್ಲಿ ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರಿ ಸಂಘಗಳು ಸೊರಗಿದಾಗ, ಸದಸ್ಯರು ಒಬ್ಬರನ್ನೊಬ್ಬರು ನಂಬುವಷ್ಟು ಮಂದಿಯ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿದರು. ಆ ಗುಂಪುಗಳು ನಡೆದ ದಾರಿಯನ್ನು ನಬಾರ್ಡ್ ಗಮನಿಸಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಮುಂದೆ ಸ್ತ್ರೀಶಕ್ತಿ, ಸಂಜೀವಿನಿಯಂಥ ಸರಕಾರಿ ಯೋಜನೆಗಳು ಬಂದವು. ಜನ ಮೊದಲು ನಡೆದರು, ಸೂತ್ರ ಆಮೇಲೆ ಹುಟ್ಟಿತು. ಅದಕ್ಕೇ ಅದು ಜನರ ನಾಲಿಗೆಗೆ ಒಗ್ಗಿತೆಂದು ನನ್ನ ನಂಬಿಕೆ.

ಸಹಕಾರದ ಮಾತು ಬಂತೆಂದರೆ ಕಣಗಿನಹಾಳವನ್ನು ನೆನೆಯದೆ ಮುಂದೆ ಹೋಗಲಾಗದು. ಈಗ ಅದು ಗದಗ ಜಿಲ್ಲೆಯ ಊರು, ಆಗ ನಮ್ಮ ಧಾರವಾಡ ಜಿಲ್ಲೆಯದೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಗೆ ಅದೇ ತೊಟ್ಟಿಲು. ಕಾಯಿದೆ ಇಂಗ್ಲಿಷಿನಲ್ಲಿತ್ತು, ರೈತರು ಕನ್ನಡದವರು. ಷೇರು, ಠೇವು, ಠರಾವು, ವಾರ್ಷಿಕ ಸಭೆ ಇವೆಲ್ಲ ಇಂದು ನಮ್ಮ ಕಡೆಯ ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಕಟ್ಟೆಯ ಮೇಲೆ ಕೂತು, ಸಾಲದ ಬಡ್ಡಿಯನ್ನು ಬೆರಳಿನ ಮೇಲೆ ಎಣಿಸಿ ತೋರಿಸಿ, ಒಂದೊಂದನ್ನೇ ಕಲಿಸಿರಲೇಬೇಕು. ಅವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ, ಅವರ ಋಣ ಮಾತ್ರ ನಮ್ಮ ಮೇಲೆ ಇದೆ.

ಸಂಘದ ಹೆಣ್ಣುಮಕ್ಕಳಿಗೆ ಪಂಚಸೂತ್ರ ಹೇಳಿಕೊಡುವವರೂ ಬಹುಮಟ್ಟಿಗೆ ಅವರಂಥ ಹೆಣ್ಣುಮಕ್ಕಳೇ. ಸಂಘಗಳ ಒಕ್ಕೂಟದ ಪುಸ್ತಕ ಬರಹಗಾರರು, ಸಂಪನ್ಮೂಲ ವ್ಯಕ್ತಿಗಳು ಮೊದಲು ತಾವು ಸದಸ್ಯೆಯರಾಗಿ ಉಳಿಸಿದವರು, ಸಾಲ ತಗೊಂಡು ತೀರಿಸಿದವರು. ಇಂಥವರ ತರಬೇತಿಯೊಂದರಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಹೊಸ ಹುಡುಗಿಯೊಬ್ಬಳು ಆಂತರಿಕ ಸಾಲದ ಪಾಠ ಮಾಡಬೇಕಿತ್ತು. ಕೈಪಿಡಿ ತೆರೆದು ಗಡಗಡ ಓದತೊಡಗಿದಳು. ಹಿರಿಯ ತರಬೇತುದಾರ ಅಕ್ಕ ಕೈ ಎತ್ತಿದರು. ‘ತಂಗಿ, ಪುಸ್ತಕ ಮುಚ್ಚು. ನಾ ಇವತ್ತ ಸಂಘಕ್ಕ ಸೇರಿದಾಕಿ ಅಂತ ತಿಳಕೋ. ನನಗ ತಿಳಿಯೂಹಂಗ ಹೇಳು.’

ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಅಡುಗೆಯವರ ಹತ್ತಿರ ಹೋಗಿ ಒಂದು ಹಿಡಿ ಕಡಲೆ ತಂದು ಜಮಖಾನೆಯ ಮೇಲೆ ಹದಿನೈದು ಕಾಳು ಇಟ್ಟಳು. ‘ಇವ್ರು ನಾವು ಹದಿನೈದು ಮಂದಿ. ವಾರಕ್ಕ ಒಬ್ಬೊಬ್ಬರು 50 ರೂಪಾಯಿ. ಎಷ್ಟಾತ್ರೀ?’ ‘750.’ ‘ನಾಕು ವಾರಕ್ಕ?’ ‘3,000.’ ‘ಗಂಗಕ್ಕಗ ಬಿತ್ತಗಿ ಬೀಜಕ್ಕ ಮೂರು ಸಾವಿರ ಬೇಕಾಗೇತಿ. ನಾವು ಕೊಟ್ರ ಬಡ್ಡಿ ಯಾರಿಗೆ ಬರ್ತದ?’ ‘ನಮಗ.’ ‘ರೊಕ್ಕ ಪೆಟ್ಟಿಗ್ಯಾಗ ಇಟ್ಕೊಂಡು ಕುಂತ್ರ?’ ಆಗ ಮೂಲೆಯಿಂದ ಇನ್ನೊಬ್ಬಾಕೆ, ‘ಗಂಗಕ್ಕ ಹೊರಗ ಹೋಗಿ ಕೈಸಾಲ ತರ್ತಾಳ, ಬಡ್ಡಿ ಊರ ಸಾವ್ಕಾರಗ’ ಎಂದಳು. ಕೈಪಿಡಿಯ ಎರಡು ಪುಟ ಐದು ನಿಮಿಷದಲ್ಲಿ ಮುಗಿದಿತ್ತು. ಹಿರಿಯಕ್ಕ ಆಕೆಯನ್ನು ಹೊಗಳಿ ಅಲ್ಲಿಗೇ ಬಿಡಲಿಲ್ಲ. ‘ಕಂತು ತಪ್ಪಿದಾಕಿ ಎದುರಿಗೆ ಕುಂತಿದ್ರ ಇದನ್ನ ಹೆಂಗ ಹೇಳ್ತಿ?’ ಎಂದು ಕೇಳಿ ಮತ್ತೊಮ್ಮೆ ಪಾಠ ಮಾಡಿಸಿದರು. ಕಲಿಸುವವರನ್ನು ತಯಾರು ಮಾಡುವುದೆಂದರೆ ಇದು. ಅವರಿಗೆ ಉಪನ್ಯಾಸ ಕೊಡುವುದು ಕಡಿಮೆ ಇರಬೇಕು, ಅವರ ಕೈಯಿಂದ ಪಾಠ ಮಾಡಿಸಿ ತಿದ್ದುವುದು ಹೆಚ್ಚಿರಬೇಕು.

ದೂರದ ಅಮೆರಿಕೆಯವರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ತೀರ್ಮಾನಕ್ಕೆ ಬಂದು ಮುಟ್ಟಿದ್ದರು. 1940ರಿಂದ 1945ರವರೆಗೆ ಅಲ್ಲಿ ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ಕಾರ್ಯಕ್ರಮ ನಡೆಯಿತು. ನುರಿತ ಕೆಲಸಗಾರರು ರಣರಂಗಕ್ಕೆ ಹೋದರು, ಕಾರ್ಖಾನೆಗಳಿಗೆ ಹೊಸಬರು ಬಂದರು. ಅವರಿಗೆ ಬೇಗ ಕಲಿಸಬಲ್ಲ ಮೇಲ್ವಿಚಾರಕರು ಬೇಕಾದರು. ಸುಮಾರು ಹತ್ತು ಜನರ ಒಂದು ಗುಂಪು, ಎರಡು ಗಂಟೆಯ ಐದು ಪಾಠ. ಮೊದಲ ದಿನ ತರಬೇತುದಾರ ದೀಪದ ವೈರಿಗೆ ಎಲೆಕ್ಟ್ರಿಶಿಯನ್ನರು ಹಾಕುವ ಒಂದು ಗಂಟನ್ನು ಬರೇ ಬಾಯಲ್ಲಿ ಹೇಳುತ್ತಿದ್ದ. ಯಾರಿಗೂ ಬರುತ್ತಿರಲಿಲ್ಲ. ಆಮೇಲೆ ಮಾತಾಡದೆ ಹಾಕಿ ತೋರಿಸುತ್ತಿದ್ದ. ಆಗಲೂ ಬರುತ್ತಿರಲಿಲ್ಲ. ಮೂರನೆಯ ಸಲ ಹಂತಹಂತವಾಗಿ ತೋರಿಸಿ, ಪ್ರತಿ ಹಂತದ ಮುಖ್ಯ ಅಂಶ ಹೇಳಿ, ಕಲಿಯುವವನ ಕೈಗೆ ವೈರು ಕೊಟ್ಟು ಹಾಕಿಸಿ, ಬಾಯಿಂದಲೂ ಹೇಳಿಸುತ್ತಿದ್ದ. ಆಗ ಗಂಟು ಬೀಳುತ್ತಿತ್ತು. ಕಲಿಯುವವನಿಗೆ ಬರಲಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಅವರ ಮೂಲಮಂತ್ರ.

ಈ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ತರಬೇತುದಾರರ ಕೈಪಿಡಿಯಲ್ಲಿ ಪಾಠದ ಕ್ರಮ ಬಿಗಿಯಾಗಿ ಬರೆದಿತ್ತು, ಮನಸ್ಸಿಗೆ ಬಂದಂತೆ ಬದಲಿಸುವಂತಿರಲಿಲ್ಲ. ಆದರೆ ಗುಂಪಿನ ಪ್ರತಿಯೊಬ್ಬನೂ ತನ್ನ ಕಾರ್ಖಾನೆಯ ಒಂದು ಕೆಲಸವನ್ನು ತಂದು ಅದರ ಮೇಲೆಯೇ ಕಲಿಸಿ ತೋರಿಸಬೇಕಿತ್ತು. ಸೂತ್ರ ಎಲ್ಲರಿಗೂ ಒಂದೇ, ಉದಾಹರಣೆ ಅವರವರದು. ಯುದ್ಧ ಮುಗಿದ ಮೇಲೆ ಈ ಪದ್ಧತಿ ಜಪಾನಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳಲ್ಲಿ ಬೇರು ಬಿಟ್ಟಿತು. ಕಡಲೆ ಕಾಳು ಇಟ್ಟ ಹುಡುಗಿ ಟಿಡಬ್ಲ್ಯುಐ ಹೆಸರನ್ನೇ ಕೇಳಿರಲಾರಳು. ಆಕೆ ಮಾಡಿದ್ದು ಮಾತ್ರ ಅದನ್ನೇ.

ಕಲಿಸುವವರನ್ನು ತಯಾರು ಮಾಡುವ ಈ ವಿದ್ಯೆ ಧಾರವಾಡದವರಿಗೆ ಹೊಸದಲ್ಲ. ಮುಂಬೈ ಇಲಾಖೆಯ ಕಾಲದಲ್ಲಿ ಇಲ್ಲಿಯ ಸಾಲಿಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಸಾಲಿಗಳಿಗಾಗಿ ಹೆಣಗಿದರು. ಸಾಲಿ ತೆರೆದರಷ್ಟೇ ಸಾಲದು, ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಬೇಕು ಎಂಬುದನ್ನು ಅವರು ಅರಿತಿದ್ದರು. ಧಾರವಾಡದ ಶಿಕ್ಷಕರ ತರಬೇತಿ ಶಾಲೆಗೆ ಮುಖ್ಯರಾಗಿ ಅಂಥ ಮಾಸ್ತರರನ್ನು ತಯಾರು ಮಾಡಿದರು. ಅಲ್ಲಿ ಕಲಿತವರು ಊರೂರಿಗೆ ಹೋದರು, ಅವರ ಹಿಂದೆ ಕನ್ನಡವೂ ಹೋಯಿತು. ಮುಂದೆ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟುವ ಹೊತ್ತಿಗೆ ಆ ನೆಲ ಹದಗೊಂಡಿತ್ತು.

ಇಷ್ಟೆಲ್ಲ ಕಣ್ಣೆದುರಿಗೆ ಇದ್ದೂ ಅನೇಕ ಕಡೆ ಕಲಿಸುವ ಕೆಲಸಕ್ಕೆ ಬೇರೆ ಕೆಲಸವಿಲ್ಲದವರನ್ನು ಆರಿಸುತ್ತಾರೆ. ಇದು ನನಗೆ ನೋವಿನ ಸಂಗತಿ. ಕಾರ್ಖಾನೆಯ ಗೋಡೆಯ ಮೇಲೆ ‘ಎಲ್ಲಕ್ಕೂ ಒಂದು ಜಾಗ’ ಎನ್ನುವ ಫೈವ್ ಎಸ್ ಫಲಕ ಹೊಳೆಯುತ್ತದೆ, ಅದರ ಕೆಳಗೇ ಪಾನೆಗಳು ಚೆಲ್ಲಾಡಿರುತ್ತವೆ. ಹೊರಗಿನಿಂದ ಬಂದವರು ಎರಡು ದಿನ ಪರದೆಯ ಮೇಲೆ ಚಿತ್ರ ತೋರಿಸಿ ಹೋದರೆ ಹುಡುಗರು ಪದ ಕಲಿಯುತ್ತಾರೆ, ಪದ್ಧತಿ ಕಲಿಯುವುದಿಲ್ಲ. ಅದೇ ಪಾಳಿಯ ನುರಿತ ಫಿಟರನೊಬ್ಬನಿಗೆ ಕಲಿಸುವ ವಿದ್ಯೆ ಕೊಟ್ಟು, ಅದಕ್ಕಾಗಿ ಪಾಳಿಯೊಳಗೇ ವೇಳೆ ಕೊಟ್ಟು ನೋಡಲಿ. ಪಾನೆಯ ಜಾಗ ಯಾವುದು, ಅಲ್ಲೇ ಯಾಕೆ ಇಡಬೇಕು ಎಂಬುದನ್ನು ಅವನು ಯಂತ್ರದ ಮಗ್ಗುಲಲ್ಲಿ ನಿಂತು ತೋರಿಸುತ್ತಾನೆ. ತಿಂಗಳ ಮೇಲೆ ಮತ್ತೆ ಬಂದು ವಿಚಾರಿಸುತ್ತಾನೆ.

ಮೇಲಿನವರೂ ಅದೇ ಜಮಖಾನೆಯ ಮೇಲೆ ಕೂಡಬೇಕು. ಧಾರವಾಡದ ವಾಲ್ಮಿ ಸಂಸ್ಥೆಯಲ್ಲಿ ನೀರಾವರಿ ಎಂಜಿನಿಯರರಿಗೂ ತರಬೇತಿ ಇದೆ, ನೀರು ಬಳಕೆದಾರರ ಸಂಘದ ರೈತರಿಗೂ ಇದೆ. ಕಾಲುವೆಯ ಸರದಿ ಅಂದರೆ ಏನೆಂಬುದು ಇಬ್ಬರಿಗೂ ಒಂದೇ ಆಗಿದ್ದರೆ ತಾನೇ ಕೊನೆಯ ಹೊಲಕ್ಕೆ ನೀರು ಮುಟ್ಟುವುದು! ಪಂಚಸೂತ್ರದ ಬಲವೂ ಇದೇ. ಕಂತು ತಪ್ಪಿದರೆ ಸಂಘದ ಅಧ್ಯಕ್ಷೆಗೂ ದಂಡ ಉಂಟು. ಕೆಳಗಿನವರನ್ನಷ್ಟೇ ಕಟ್ಟಿಹಾಕುವ ಮಾತು ಹುಕುಂ ಆದೀತು, ಸಂಸ್ಥೆಯ ಮಾತಾಗಲಾರದು.

ಆದ್ದರಿಂದ ಕಚೇರಿ, ಕಾರ್ಖಾನೆ, ಸಾಲಿ, ಸಂಘ ನಡೆಸುವವರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಕೆಲಸ ಬಲ್ಲವರು, ನಾಲ್ಕು ಮಂದಿ ನಂಬುವವರು ಯಾರಿದ್ದಾರೋ ಅವರನ್ನೇ ಕಲಿಸಲು ಆರಿಸಿರಿ. ಅವರಿಗೆ ವೇಳೆ ಕೊಡಿರಿ, ಸಂಬಳದಲ್ಲೂ ಮರ್ಯಾದೆಯಲ್ಲೂ ಅದು ಕಾಣಲಿ. ಅವರ ಮೊದಲ ಪಾಠಕ್ಕೆ ನೀವೇ ಹೋಗಿ ವಿದ್ಯಾರ್ಥಿಯಾಗಿ ಕೂಡಿರಿ. ತಿಳಿಯದಿದ್ದರೆ ಕೈ ಎತ್ತಿ ಕೇಳಿರಿ. ಸಾಹೇಬರು ಕೇಳಿದ್ದನ್ನು ಕಂಡ ಮೇಲೆ ಉಳಿದವರೂ ಕೇಳುತ್ತಾರೆ.